ಬೀಡಿನವರ ಮುಂದೆ ಹಳದಿ ಕ್ಯಾಲಿಪರ್

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಎಪ್ಪತ್ತರ ಹತ್ತಿರದ ಒಬ್ಬರು ಧೋತರ ಎತ್ತಿ ಕಟ್ಟಿ ಕಾರಿನ ಮುಂಗಾಲಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದರು. ಕಾರು ಏಳು ವರ್ಷ ಹಳೆಯ ಪೋರ್ಷೆ 911. ಕೊಳ್ಳಲು ಬಂದವಳು ಅವರ ಅಣ್ಣನ ಮಗಳು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆ. ಮಾರುವವನು ಕೀಲಿ ಕೊಟ್ಟು, ಒಂದು ಸುತ್ತು ಹೊಡೆದುಕೊಂಡು ಬನ್ನಿ ಎಂದು ಹೇಳಿ ಲಿಫ್ಟ್ ಹತ್ತಿದ್ದ.

ರಿಮ್ಮಿನ ಕಡ್ಡಿಗಳ ನಡುವೆ ನಿಂಬೆಹಣ್ಣಿನ ಬಣ್ಣದ ಬ್ರೇಕ್ ಕ್ಯಾಲಿಪರ್ ಹೊಳೆಯುತ್ತಿತ್ತು. ಸೆರಾಮಿಕ್ ಬ್ರೇಕಿನ ಗುರುತಾದ ಆ ಹಳದಿಗಾಗಿಯೇ ಮಾರುವವನು ಬೆಲೆ ಏರಿಸಿದ್ದ. ಕಾಕಾ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಕಡ್ಡಿಗಳ ಸಂದಿಯಲ್ಲಿ ತೂರಿಸಿದರು.

“ಕಾಕಾ, ತಟ್ಟಬೇಡಿ!”

“ಯಾಕವಾ? ತಟ್ಟಿ ದನಿ ಕೇಳದ ಒಂದು ಡಿಸ್ಕನ್ನೂ ನಾ ಪಾಸ್ ಮಾಡಿಲ್ಲ. ಬಿರುಕಿದ್ರ ಒಡಕು ದನಿ ಬರ್ತೈತಿ.”

“ಇದು ಬೀಡಲ್ಲ, ಕಾರ್ಬನ್ ಸೆರಾಮಿಕ್. ಅಂಚಿನಲ್ಲಿ ದೊಡ್ಡ ಚಕ್ಕೆ ಎದ್ರೆ ಡಿಸ್ಕನ್ನೇ ಬದಲಿಸಬೇಕು. ಒಂದಕ್ಕೆ ಲಕ್ಷಗಟ್ಟಲೆ.”

ಬೀಗದ ಕೈ ಜೇಬಿಗೆ ವಾಪಸು ಹೋಯಿತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೂವತ್ತೈದು ವರ್ಷ ಬೀಡು ಕಬ್ಬಿಣ ಎರಕ ಹೊಯ್ಯಿಸಿದವರು ಅವರು. ಲಾರಿಯ ಬ್ರೇಕ್ ಡ್ರಮ್ಮು, ಕಾರಿನ ಡಿಸ್ಕು, ಪಂಪಿನ ಕವಚ ಎಲ್ಲವೂ ಅವರ ಕಣ್ಣ ಮುಂದೆ ಮರಳಿನ ಅಚ್ಚಿನಿಂದ ಎದ್ದು ಬಂದಿವೆ. ಹಾಗಾಗಿ ಮುಂದಿನ ಮಾತುಕತೆಯಲ್ಲಿ ಅವರ ಪಕ್ಷಪಾತವನ್ನೂ ಓದುಗರು ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಅವರು ಮೊಬೈಲಿನ ಟಾರ್ಚ್ ಬಿಟ್ಟು ನೋಡಿದರು. ಬೀಡಿನ ಡಿಸ್ಕಿಗೆ ಒಂದೇ ಬೂದು ಮುಖ. ಇದಕ್ಕೆ ಹಳೆಯ ಮನೆಗಳ ಮೊಸಾಯಿಕ್ ನೆಲದಂತೆ ಕಪ್ಪು, ಬೂದು ತುಣುಕುಗಳ ಮುಖ. ತುಣುಕೊಂದೊಂದೂ ಕಾರ್ಬನ್ ನಾರಿನ ಕತ್ತರಿಸಿದ ಎಳೆ.

“ಇದನ್ನ ಹ್ಯಾಂಗ ಮಾಡ್ತಾರ?”

ಅವಳು ಓದಿಕೊಂಡೇ ಬಂದಿದ್ದಳು. ಕಾರ್ಬನ್ ನಾರನ್ನು ಚೂರು ಮಾಡಿ ರಾಳದಲ್ಲಿ ಕಲಸಿ ಅಚ್ಚಿಗೆ ಒತ್ತುತ್ತಾರೆ. ಗಾಳಿ ಸೋಕದ ಕುಲುಮೆಯಲ್ಲಿ ಸುಮಾರು ಸಾವಿರ ಡಿಗ್ರಿಗೆ ಕಾಯಿಸಿದಾಗ ರಾಳ ಸುಟ್ಟು ಇಂಗಾಲವಾಗಿ, ಒಳಗೆಲ್ಲ ಸಣ್ಣ ರಂಧ್ರಗಳಾಗುತ್ತವೆ. ಆಮೇಲೆ ಕರಗಿದ ಸಿಲಿಕಾನನ್ನು ಆ ರಂಧ್ರಗಳು ಹೀರಿಕೊಳ್ಳುವಂತೆ ಮಾಡುತ್ತಾರೆ. ಸಿಲಿಕಾನ್ ಕರಗುವುದು 1414 ಡಿಗ್ರಿಗೆ. ಅದು ಇಂಗಾಲದ ಜೊತೆ ಕೂಡಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಸಾಣೆಕಲ್ಲಿಗೆ ಬಳಸುವುದೂ ಅದನ್ನೇ.

“ನಾವೂ ಹದಿನಾಲ್ಕು ನೂರರ ಆಜೂಬಾಜೂನ ಬೀಡು ಸುರಿತಿದ್ವಿ,” ಎಂದರು ಕಾಕಾ. ದನಿಯಲ್ಲಿ ಸ್ವಲ್ಪ ಸಮಾಧಾನವಿತ್ತು. “ಆದ್ರ ಮುಂಜಾನೆ ಸುರಿದಿದ್ದು ಸಂಜಿಕ್ಕ ಅಚ್ಚು ಒಡದು ಹೊರಗ. ಇವರದು?”

“ವಾರಗಟ್ಟಲೆ. ಒಂದೊಂದು ಡಿಸ್ಕೂ ಮತ್ತೆ ಮತ್ತೆ ಕುಲುಮೆಗೆ ಹೋಗಿ ಬರಬೇಕು. ಕೊನೆಗೆ ವಜ್ರದ ಉಪಕರಣದಲ್ಲಿ ಸಾಣೆ.”

“ಹಂಗಾದ್ರ ರೇಟು ಯಾಕ ಅಷ್ಟು ಅಂತ ತಿಳೀತು ಬಿಡು. ಮಾಲಿಗಿಂತ ಕುಲುಮಿಗೆ ರೊಕ್ಕ.”

ಅಮೆರಿಕದಲ್ಲಿ ಹೊಸ 911ಕ್ಕೆ ಈ ಬ್ರೇಕ್ ಹಾಕಿಸಿಕೊಳ್ಳಲು ಸಾವಿರಾರು ಡಾಲರ್ ಹೆಚ್ಚು ಕೊಡಬೇಕು. ಆಮದು ಸುಂಕ ಸೇರಿದರೆ ನಮ್ಮಲ್ಲಿ ಇನ್ನೂ ದುಬಾರಿ. ಪೋರ್ಷೆ ಇದನ್ನು ಮಾರಲು ತೊಡಗಿದ್ದು 2000ದ ಹೊತ್ತಿಗೆ. ಫೆರಾರಿ 2002ರ ಎಂಝೋ ಕಾರಿಗೆ ಹಾಕಿತು. ಅದಕ್ಕೂ ಹಿಂದಿನ ಕತೆ ವಿಮಾನಗಳದು. ಕಾಂಕಾರ್ಡ್ ವಿಮಾನ ನೆಲಕ್ಕಿಳಿದಾಗ ಹಿಡಿದು ನಿಲ್ಲಿಸುತ್ತಿದ್ದುದು ಕಾರ್ಬನ್ ಬ್ರೇಕು. 1976ರಲ್ಲಿ ಬ್ರಾಭಮ್ ತಂಡ ಅದನ್ನು ಫಾರ್ಮುಲಾ ಒನ್ನಿಗೆ ತಂದಿತು. ಆ ಅಪ್ಪಟ ಕಾರ್ಬನ್ ಡಿಸ್ಕು ಚೆನ್ನಾಗಿ ಕಾಯುವ ತನಕ ಸರಿಯಾಗಿ ಹಿಡಿಯುವುದಿಲ್ಲ. ಹಾಲಿನ ಪ್ಯಾಕೆಟ್ ತರಲು ಹೊರಟವರಿಗೆ ಅದು ಅಪಾಯ. ಸಿಲಿಕಾನ್ ಬೆರೆತ ಈ ಸೆರಾಮಿಕ್ ತಣ್ಣಗಿದ್ದಾಗಲೂ ಹಿಡಿಯುತ್ತದೆ. ರಸ್ತೆಯ ಕಾರಿಗೆ ಅದು ಬಂದದ್ದೇ ಈ ಗುಣದಿಂದ.

ಇಬ್ಬರೂ ಕಾರು ಹತ್ತಿದರು. ರ‍್ಯಾಂಪಿನ ಬುಡದಲ್ಲಿ ಮೊದಲ ಸಲ ಬ್ರೇಕ್ ಒತ್ತಿದಾಗ ಕೀ ಎಂಬ ಸಣ್ಣ ಕೀರಲು ದನಿ ಬಂತು. ಕಾಕಾ ಏನೂ ಅನ್ನಲಿಲ್ಲ, ಹುಬ್ಬು ಮಾತ್ರ ಏರಿಸಿದರು. ಹೊರಗೆ ರಿಂಗ್ ರಸ್ತೆ ಎಂದಿನ ಹಾಗೇ ಇತ್ತು. ಮೂವತ್ತಕ್ಕೆ ಏರಿ ಸೊನ್ನೆಗೆ ಇಳಿದು, ಮತ್ತೆ ಇಪ್ಪತ್ತಕ್ಕೆ ಏರಿ ಸೊನ್ನೆಗೆ ಇಳಿದು, ಇಪ್ಪತ್ತು ನಿಮಿಷದಲ್ಲಿ ನಾಲ್ಕು ಕಿಲೋಮೀಟರ್ ಹೋಗಿ ಒಂದು ದರ್ಶಿನಿಯ ಮುಂದೆ ನಿಂತರು.

ನಿಂತೇ ಕುಡಿಯುವ ಮೇಜಿನ ಮೇಲೆ ಕಾಫಿಯ ಬಿಲ್ಲನ್ನು ಮಗುಚಿ ಹಾಕಿ ಕಾಕಾ ಪೆನ್ನು ತೆಗೆದರು.

“ಗಾಡಿ, ಅದರಾಗ ನಾವಿಬ್ಬರು, ಎಲ್ಲಾ ಸೇರಿ ಹದಿನಾರು ನೂರು ಕಿಲೋ ಅಂತ ಹಿಡಿ. ನೂರರ ಸ್ಪೀಡಿನಾಗ ಹೊಂಟದ್ದನ್ನ ಪೂರ್ತಿ ನಿಲ್ಲಿಸಿದ್ರ ಬ್ರೇಕು ಎಷ್ಟು ಶಾಖ ನುಂಗ್ತೈತಿ? ಆರುನೂರಾ ಹದಿನೇಳು ಕಿಲೋಜೂಲ್. ಅಡಗಿ ಮನಿ ಲೆಕ್ಕದಾಗ ಹೇಳಬೇಕಂದ್ರ ಎರಡು ಲೀಟರ್ ತಣ್ಣೀರು ಕುದಿಯೂವಷ್ಟು.”

“ಮೂವತ್ತರಿಂದ ನಿಲ್ಲಿಸಿದ್ರೆ?”

“ಒಂದು ಸಣ್ಣ ಲೋಟ. ಸ್ಪೀಡು ಮೂರು ಪಟ್ಟಾದ್ರ ಶಾಖ ಒಂಬತ್ತು ಪಟ್ಟು, ಅದನ್ನ ಮರೀಬ್ಯಾಡ. ಮುನ್ನೂರರಿಂದ ನಿಲ್ಲಿಸಿದ್ರ ಹದಿನೇಳು ಹದಿನೆಂಟು ಲೀಟರ್, ಒಂದು ತುಂಬಿದ ಕೊಡ. ಇನ್ನ ಬೀಡಿನ ಡಿಸ್ಕು ನಾಲ್ಕೂ ಸೇರಿ ನಲವತ್ತು ಕಿಲೋ ಅಂತ ಇಟ್ಕೋ. ಮೂವತ್ತರಿಂದ ಒಂದು ಸಲ ನಿಂತ್ರ ಅವು ಬಿಸಿ ಆಗೂದು ಮೂರು ಡಿಗ್ರಿ. ನೂರರಿಂದ ನಿಂತ್ರ ಮೂವತ್ಮೂರು, ಮೂವತ್ನಾಲ್ಕು. ಮುನ್ನೂರರಿಂದ ನಿಂತ್ರ ಒಂದ ಏಟಿಗೆ ಮುನ್ನೂರು ಡಿಗ್ರಿ.”

ಸೆರಾಮಿಕ್ ಬ್ರೇಕು ಹುಟ್ಟಿದ್ದು ಆ ಕೊಡದ ಲೆಕ್ಕಕ್ಕೆ. ರೇಸ್ ಟ್ರ್ಯಾಕಿನಲ್ಲಿ ಒಂದು ತಿರುವಿಗೆ ಒತ್ತಿದ ಬ್ರೇಕು ಆರುವ ಮೊದಲೇ ಮುಂದಿನ ತಿರುವು ಬಂದುಬಿಡುತ್ತದೆ, ಶಾಖ ಮೇಲಿಂದ ಮೇಲೆ ಏರುತ್ತಲೇ ಹೋಗುತ್ತದೆ. ಬೀಡಿನ ಡಿಸ್ಕು ಅಂಥ ಹೊತ್ತಿನಲ್ಲಿ ಬಿರುಕು ಬಿಡಬಹುದು, ಪ್ಯಾಡು ಹಿಡಿತ ಕಳೆದುಕೊಳ್ಳಬಹುದು. ಸೆರಾಮಿಕ್ ಡಿಸ್ಕು ಅಲ್ಲಿ ಸೊಟ್ಟಗಾಗದೆ ನಿಲ್ಲುತ್ತದೆ. ಅವಳ ಮನೆಯಿಂದ ಆಸ್ಪತ್ರೆಗೆ 11 ಕಿಲೋಮೀಟರ್, ಬೆಳಿಗ್ಗೆ 50 ನಿಮಿಷ. ಅದು ಲೋಟಗಳ ಲೆಕ್ಕ, ಅದೂ ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಆರಲು ಬೇಕಾದಷ್ಟು ಹೊತ್ತು.

“ಹೈವೇಗೂ ಹೋಗ್ತೀನಿ ಕಾಕಾ.”

“ಮೈಸೂರು ಹೈವೇದಾಗ ನೂರರ ಮ್ಯಾಲ ಹೋದ್ರ ಕ್ಯಾಮೆರಾ ಹಿಡೀತೈತಿ. ನೂರಾ ಮೂವತ್ತು ದಾಟಿದವರ ಮ್ಯಾಲ 2024ರ ಆಗಸ್ಟಿನಿಂದ ಎಫ್‌ಐಆರ್ ಹಾಕಾಕ ಹತ್ಯಾರ. ನಿನ್ನ ಕೊಡ ಅಲ್ಲಿ ತುಂಬೂದಿಲ್ಲವಾ.”

“ಅಷ್ಟಾದ್ರೂ ಎಮರ್ಜೆನ್ಸಿಯಲ್ಲಿ ಬೇಗ ನಿಲ್ಲುತ್ತಲ್ಲ? ನಾನು ಕೇಳ್ತಿರೋದು ಸುರಕ್ಷತೆ.”

ಬಹಳ ಮಂದಿ ಹಣ ತೆರುವುದು ಈ ನಂಬಿಕೆಗೆ. ಕಾಕಾ ಕಾಫಿ ಲೋಟವನ್ನು ಮೇಜಿನ ಮೇಲೆ ಒತ್ತಿ ಹಿಡಿದು ಸರಿಸಿ ತೋರಿಸಿದರು. ಗಾಲಿ ತಿರುಗುವುದನ್ನು ಬ್ರೇಕು ತಡೆಯುತ್ತದೆ, ಕಾರನ್ನು ತಡೆಯುವುದು ನೆಲ ಹಿಡಿದ ಟೈರು. ಜೋರಾಗಿ ಒತ್ತಿದಾಗ ಎಬಿಎಸ್ ಕಟಕಟ ಎಂದು ಕಾಲಿಗೆ ಹೊಡೆಯಿತೆಂದರೆ ಟೈರಿನ ಹಿಡಿತ ಮುಗಿಯಿತು ಎಂದರ್ಥ. ಅಲ್ಲಿಂದಾಚೆಗೆ ಬ್ರೇಕಿನಲ್ಲಿ ಇನ್ನೆಷ್ಟು ಬಲವಿದ್ದರೂ ರಸ್ತೆಗೆ ಇಳಿಯುವುದಿಲ್ಲ. ಇವತ್ತಿನ ಯಾವ ಒಳ್ಳೆಯ ಕಾರಿನ ಬೀಡಿನ ಬ್ರೇಕೂ ಒಂದೇ ಏಟಿಗೆ ಎಬಿಎಸ್ ಎಬ್ಬಿಸಬಲ್ಲದು. ಹಾಗಾಗಿ ನೂರರಿಂದ ಒಂದು ಸಲ ನಿಲ್ಲಿಸುವ ಪರೀಕ್ಷೆಯಲ್ಲಿ ಹಳದಿ ಕ್ಯಾಲಿಪರಿಗೂ ಬೀಡಿನ ಡಿಸ್ಕಿನ ಕೆಂಪು ಕ್ಯಾಲಿಪರಿಗೂ ಹೇಳಿಕೊಳ್ಳುವಂಥ ಅಂತರ ಸಿಗದು. ಹತ್ತನೆಯ ಸಲ, ಇಪ್ಪತ್ತನೆಯ ಸಲ ನಿಲ್ಲಿಸುವಾಗ ಸಿಗುತ್ತದೆ.

“ಸುರಕ್ಷತಾ ಬೇಕಂದ್ರ ಅದ ರೊಕ್ಕದಾಗ ನಾಲ್ಕು ವರ್ಷಕ್ಕೊಮ್ಮೆ ಹೊಸಾ ಟೈರ್ ಹಾಕ್ಸು. ಮಳ್ಯಾಗ ವ್ಯತ್ಯಾಸ ಕಣ್ಣಿಗೆ ಕಾಣ್ತೈತಿ.”

ಅವಳು ಸೋತವಳಂತೆ ಕಾಣಲಿಲ್ಲ. ವಾದದ ಗಟ್ಟಿ ಭಾಗವನ್ನು ಅವಳಿನ್ನೂ ತೆಗೆದೇ ಇರಲಿಲ್ಲ.

“ಸರಿ, ಶಾಖ ಬಿಡಿ. ದಿನಾ ಓಡಿಸೋದ್ರಲ್ಲೇ ಇದಕ್ಕೆ ಲಾಭ ಇದೆ. ನಾನು ಮೂರು ದಿನ ಡ್ಯೂಟಿಯಲ್ಲಿದ್ರೆ ಕಾರು ಮಳೆಯಲ್ಲಿ ನಿಂತಿರುತ್ತೆ. ನಿಮ್ಮ ಬೀಡು ಕೆಂಪಗೆ ತುಕ್ಕು ಹಿಡಿದು, ಬೆಳಿಗ್ಗೆ ಹೊರಟಾಗ ಕರಕರ ಅನ್ನುತ್ತೆ. ಇದಕ್ಕೆ ತುಕ್ಕೇ ಇಲ್ಲ. ರಿಮ್ಮಿನ ಮೇಲೆ ಆ ಕರಿ ಪುಡಿ ಕೂರಲ್ಲ. ತೂಕ ಅರ್ಧಕ್ಕರ್ಧ ಕಮ್ಮಿ. ಊರೊಳಗೇ ಓಡಿಸಿದ್ರೆ ಡಿಸ್ಕು ಕಾರಿನ ಆಯುಷ್ಯದಷ್ಟೇ ಬಾಳಿದರೂ ಬಾಳಬಹುದು.”

ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಬೀಡು ಒಂದು ಘನ ಸೆಂಟಿಮೀಟರಿಗೆ ಏಳು ಗ್ರಾಮಿಗಿಂತ ಹೆಚ್ಚು ತೂಗಿದರೆ, ಈ ಸೆರಾಮಿಕ್ ಎರಡೂವರೆಯ ಒಳಗೆ. ನಾಲ್ಕು ಗಾಲಿ ಸೇರಿ ಇಪ್ಪತ್ತು ಕಿಲೋ ಹತ್ತಿರ ಉಳಿತಾಯ, ಅದೂ ಸ್ಪ್ರಿಂಗಿನ ಕೆಳಗಿನ ತೂಕ. ಗುಂಡಿಗೆ ಬಿದ್ದ ಗಾಲಿ ಎದ್ದು ಮತ್ತೆ ನೆಲ ಹಿಡಿಯುವುದು ಅಷ್ಟು ಚುರುಕಾಗುತ್ತದೆ. ಪುಡಿಯ ಮಾತು ರಿಮ್ಮಿನ ಅಂದಕ್ಕಷ್ಟೇ ನಿಲ್ಲುವುದೂ ಇಲ್ಲ. ಬ್ರೇಕಿನಿಂದ ಏಳುವ ಸೂಕ್ಷ್ಮ ಕಣಗಳಿಗೆ ಯುರೋಪ್ ತನ್ನ ಯುರೋ 7 ನಿಯಮದಲ್ಲಿ ಮೊದಲ ಸಲ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಮ್, ಪೂರ್ತಿ ವಿದ್ಯುತ್ ಕಾರಿಗೆ 3. ಕಡಿಮೆ ಸವೆಯುವ ಡಿಸ್ಕಿಗೆ ಅಲ್ಲಿ ಈಗ ಬೇರೆಯೇ ಬೆಲೆ ಬಂದಿದೆ.

ಕಾಕಾ ಕೊಂಚ ಹೊತ್ತು ಸುಮ್ಮನಿದ್ದು ಬೀಡಿನ ಪರವಾಗಿ ವಕಾಲತ್ತು ಶುರು ಮಾಡಿದರು. ಬೀಡಿನೊಳಗೂ ನೂರಕ್ಕೆ ಮೂರೂವರೆಯಷ್ಟು ಇಂಗಾಲವೇ ಇರುವುದು. ಅದು ಗ್ರಾಫೈಟಿನ ಸಣ್ಣ ಸಣ್ಣ ಪದರಗಳಾಗಿ ಹರಡಿಕೊಂಡಿರುತ್ತದೆ. ಆ ಪದರಗಳು ಶಾಖವನ್ನು ಹೊರಗೆ ಸಾಗಿಸುತ್ತವೆ, ಕಂಪನವನ್ನು ನುಂಗಿ ಸದ್ದು ಅಡಗಿಸುತ್ತವೆ.

“ನಿನ್ನ ಕಾರ್ಬನ್ ನನ್ನ ಬೀಡಿನ್ಯಾಗೂ ಐತಿ, ಆದ್ರ ಸೋವಿ. ಆ ರ‍್ಯಾಂಪಿನ ಮುಂದ ಕೀ ಅಂತಲ್ಲ, ಅದು ನನ್ನ ಡಿಸ್ಕಾಗಿದ್ರ ಅಷ್ಟು ಬೇಗ ಬಾಯಿ ಬಿಡ್ತಿರಲಿಲ್ಲ.” ನಂತರ ಅವಳ ತೂಕದ ವಾದವನ್ನು ಎತ್ತಿಕೊಂಡರು. “ತೂಕ ಕಮ್ಮಿ ಅಂದಿ. ಅಷ್ಟ ಶಾಖ ನುಂಗಾಕ ಗಾತ್ರ ದೊಡ್ಡದು ಬೇಕಾತಲ್ಲ?”

ಬೇಕಾಗುತ್ತದೆ. ಹಿಂದಿನ ತಲೆಮಾರಿನ 911 ಜಿಟಿ3ಯಲ್ಲಿ ಬೀಡಿನ ಮುಂದಿನ ಡಿಸ್ಕು 380 ಮಿಲಿಮೀಟರ್, ಸೆರಾಮಿಕ್ 410. ದೊಡ್ಡ ಡಿಸ್ಕಿಗೆ ದೊಡ್ಡ ರಿಮ್ಮು, ದೊಡ್ಡ ರಿಮ್ಮಿಗೆ ತೆಳು ಟೈರು. ಬೆಂಗಳೂರಿನ ಗುಂಡಿಗಳಲ್ಲಿ ಐದು ಕಿಲೋ ಉಳಿಸಿದ ಗಾಲಿಯ ಚುರುಕನ್ನು ಆ ತೆಳು ಟೈರು ಒಂದೇ ಏಟಿಗೆ ತಿಂದುಹಾಕುತ್ತದೆ.

“ಇನ್ನ ಆಯುಷ್ಯ. ಸವೆದದ್ದು ಹ್ಯಾಂಗ ಗೊತ್ತಾಗ್ತೈತಿ? ನಮ್ಮದರ ಮ್ಯಾಲ ಕನಿಷ್ಠ ದಪ್ಪ ಎಷ್ಟು ಅಂತ ಒತ್ತಿರ್ತಾರ. ವರ್ನಿಯರ್ ಹಿಡಿದು ಅಳೆದ್ರ ಮುಗೀತು.”

“ಇದರ ಮೇಲೆ ಕನಿಷ್ಠ ತೂಕ ಬರೆದಿರುತ್ತೆ. ದಪ್ಪಕ್ಕಿಂತ ತೂಕ ಮುಖ್ಯ. ತುಂಬಾ ಕಾದಾಗ ಒಳಗಿನ ಕಾರ್ಬನ್ ನಾರು ಗಾಳಿಗೆ ಉರಿದು ಹೋಗುತ್ತಲ್ಲ, ಮೇಲೆ ದಪ್ಪ ಹಾಗೇ ಇದ್ರೂ ಒಳಗೆ ಟೊಳ್ಳಾಗಿರಬಹುದು. ಬಿಚ್ಚಿ ತೂಗಬೇಕು. ಈಗ ಬಿಚ್ಚದೇ ಅಳೆಯೋ ಮೀಟರೂ ಬಂದಿದೆ.”

“ತಕ್ಕಡ್ಯಾಗ ಹಾಕಿ ನೋಡೂ ಬ್ರೇಕು!” ಕಾಕಾ ಜೋರಾಗಿ ನಕ್ಕದ್ದಕ್ಕೆ ಪಕ್ಕದ ಮೇಜಿನವರು ತಿರುಗಿ ನೋಡಿದರು. “ಹಂಗಾದ್ರ ಮೊದಲಿನ ಮಾಲಕ ಇದನ್ನ ರೇಸಿಗೆ ಒಯ್ದಿದ್ದನೋ ಇಲ್ಲೋ ಅನ್ನೂದು ಕೇಳಬೇಕು ನೀ. ಕಿಲೋಮೀಟರ್ ಕಮ್ಮಿ ಐತಿ ಅಂತ ನಂಬಾಕ ಆಗೂದಿಲ್ಲ.”

ಮಾತು ಹಗುರವಾಗಿ ಬಂದರೂ ಹಳೆಯ ಕಾರು ಕೊಳ್ಳುವವರಿಗೆ ಇದಕ್ಕಿಂತ ತೂಕದ ಮಾತಿಲ್ಲ. ಮೊದಲ ತಲೆಮಾರಿನ ಸೆರಾಮಿಕ್ ಡಿಸ್ಕುಗಳು ಟ್ರ್ಯಾಕಿನಲ್ಲಿ ಬೇಗ ದಣಿದವು ಎಂಬ ದೂರು ಆ ಕಾಲದಿಂದಲೂ ಇದೆ. ಆಮೇಲಿನವು ಸುಧಾರಿಸಿವೆ, ಆದರೂ ವಾರಾಂತ್ಯಕ್ಕೆಲ್ಲ ಟ್ರ್ಯಾಕಿಗೆ ಹೋಗುವ ಎಷ್ಟೋ ಮಂದಿ ಸೆರಾಮಿಕ್ ಬಿಚ್ಚಿ ಡಬ್ಬಿಯಲ್ಲಿಟ್ಟು ಕಬ್ಬಿಣದ ಡಿಸ್ಕು ಹಾಕಿಕೊಳ್ಳುತ್ತಾರೆ. ಕಬ್ಬಿಣ ಸವೆದರೆ ಎಸೆಯಬಹುದು, ಇದನ್ನು ಎಸೆಯಲು ಕೈ ಬರುವುದಿಲ್ಲ. ರೇಸಿಗಾಗಿ ಹುಟ್ಟಿದ ವಸ್ತು ಊರೊಳಗಿನ ಓಡಾಟದಲ್ಲೇ ಹೆಚ್ಚು ಕಾಲ ಬಾಳುತ್ತದೆ ಎನ್ನುವುದು ಸ್ವಲ್ಪ ತಮಾಷೆಯ ಸಂಗತಿ. ಅಲ್ಲಿ ಅದಕ್ಕೆ ಕೆಲಸವೇ ಇಲ್ಲವಲ್ಲ.

ಕೆಲಸವಿಲ್ಲದ ಬ್ರೇಕಿನ ಮಾತು ಬಂದಾಗ ವಿದ್ಯುತ್ ಕಾರಿನ ಮಾತೂ ಬರುತ್ತದೆ. ಪೋರ್ಷೆಯದೇ ಟೈಕಾನ್‌ನಲ್ಲಿ ದಿನನಿತ್ಯದ ಬ್ರೇಕಿಂಗಿನ ಶೇಕಡಾ 90ರಷ್ಟನ್ನು ಮೋಟಾರೇ ಮಾಡಿ ಬ್ಯಾಟರಿಗೆ ತುಂಬಬಲ್ಲದು ಎಂದು ಕಂಪನಿ ಹೇಳುತ್ತದೆ. ಡಿಸ್ಕು ಪ್ಯಾಡುಗಳಿಗೆ ಉಳಿಯುವುದು ಚಿಲ್ಲರೆ ಕೆಲಸ. ಫೋಕ್ಸ್‌ವ್ಯಾಗನ್ ಇನ್ನೂ ಮುಂದೆ ಹೋಗಿ ತನ್ನ ಐಡಿ.4ರ ಹಿಂದಿನ ಗಾಲಿಗಳಿಗೆ ಹಳೆಯ ಕಾಲದ ಡ್ರಮ್ ಬ್ರೇಕನ್ನೇ ಹಾಕಿತು. ಬಳಕೆಯಿಲ್ಲದೆ ತುಕ್ಕು ಹಿಡಿಯುವ ಡಿಸ್ಕಿಗಿಂತ ಮುಚ್ಚಿಕೊಂಡಿರುವ ಡ್ರಮ್ಮೇ ವಾಸಿ ಎಂಬ ಲೆಕ್ಕ. ಅವಳಿಂದ ಇದನ್ನು ಕೇಳಿ ಕಾಕಾರ ಮುಖ ಅರಳಿತು. ಡ್ರಮ್ಮನ್ನು ಅವರು ಡಿಸ್ಕಿಗಿಂತ ಹೆಚ್ಚು ಹೊಯ್ಯಿಸಿದ್ದಾರೆ.

“ತುಕ್ಕು ಬೇಡ, ಪುಡಿ ಬೇಡ, ಇಷ್ಟು ದುಡ್ಡೂ ಬೇಡ ಅಂದ್ರೆ ನಡುವಿನದೊಂದಿದೆ ಕಾಕಾ,” ಎಂದಳು ಅವಳು. “2017ರಲ್ಲಿ ಪೋರ್ಷೆಯವರೇ ಕಯೆನ್ ಕಾರಿಗೆ ತಂದಿದ್ದು. ಕಬ್ಬಿಣದ ಡಿಸ್ಕಿನ ಮೇಲೆ ಟಂಗ್‌ಸ್ಟನ್ ಕಾರ್ಬೈಡ್ ಲೇಪನ, ಒಂದು ಕೂದಲಿನಷ್ಟು ದಪ್ಪ. ಕನ್ನಡಿ ಥರ ಹೊಳೆಯುತ್ತೆ. ಪುಡಿ ಕಬ್ಬಿಣದ್ದಕ್ಕಿಂತ ಶೇಕಡಾ 90ರವರೆಗೂ ಕಮ್ಮಿ ಅಂತಾರೆ. ಅದಕ್ಕೆ ಬಿಳಿ ಕ್ಯಾಲಿಪರ್.”

“ಒಳಗ ಬೀಡ ಐತೇನು?”

“ಒಳಗೆ ಬೀಡೇ.”

“ಹಂಗಾದ್ರ ಅದನ್ನ ತಗೋ.”

“ಈ ಕಾರಿಗೆ ಅದು ಬರಲ್ಲ. ಈ ಕಾರು, ಈ ಬ್ರೇಕು, ಅಥವಾ ಇದರಂಥದ್ದೇ ಕೆಂಪು ಕ್ಯಾಲಿಪರಿನ ಇನ್ನೊಂದು ಕಾರು. ಅದೂ ನೋಡಿದ್ದೀನಿ, ಬಣ್ಣ ಇಷ್ಟ ಆಗಲಿಲ್ಲ.”

ಬೆಂಗಳೂರಿನಲ್ಲಿ ಬೀಡಿನ ಡಿಸ್ಕಿನ ಮೇಲೇ ಕ್ಯಾಲಿಪರಿಗೆ ಹಳದಿ ಬಳಿಸಿಕೊಂಡು ತಿರುಗುವವರೂ ಇದ್ದಾರೆ. ಹಳದಿ ಬೇಕಾದದ್ದು ಕಣ್ಣಿಗಾದರೆ ಅವರ ದಾರಿ ಅಗ್ಗದ ದಾರಿ. ಇದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ನಗು ನೋಡಿದರೆ ತಾನೂ ಹಾಗೊಮ್ಮೆ ಯೋಚಿಸಿದ್ದಳೆಂದು ಕಾಣುತ್ತದೆ.

ಎರಡನೆಯ ಕಾಫಿ ಬಂತು. ಅವಳು ಕೊನೆಯ ದಾಳ ಉರುಳಿಸಿದಳು. “ಬೆಳಗಾವಿಗೆ ಬಂದಾಗ ನಿಮ್ಮನ್ನ ಗೋವಾಕ್ಕೆ ಕರಕೊಂಡು ಹೋಗಬೇಕಲ್ಲ? ಚೋರ್ಲಾ ಘಾಟಿಗೆ?”

ಕಾಕಾರ ಪೆನ್ನು ಮತ್ತೆ ಬಿಲ್ಲಿನ ಮೇಲೆ ಓಡಿತು. ಹದಿನಾರು ನೂರು ಕಿಲೋ ಕಾರು ಆರುನೂರು ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 9,400 ಕಿಲೋಜೂಲ್ ಆಸುಪಾಸು. ಮೂವತ್ತು ಲೀಟರ್ ನೀರು ಕುದಿಯುವಷ್ಟು, ಹತ್ತಿರ ಹತ್ತಿರ ಎರಡು ಕೊಡ. ನೂರರಿಂದ ಹದಿನೈದು ಸಲ ನಿಂತ ಹಾಗೆ. ದಿನನಿತ್ಯದ ಕಾರಿಗೆ ಶಾಖ ನಿಜವಾಗಿ ಎದುರಾಗುವ ಒಂದೇ ಜಾಗವೆಂದರೆ ಘಾಟಿ.

“ನೋಡಿದ್ರಾ!” ಎಂದಳು.

“ನೋಡ್ದೆ. ಲಾರಿ ಡ್ರೈವರ್ ಏನ ಮಾಡ್ತಾನ ಅಲ್ಲಿ? ಯಾವ ಗೇರಿನಾಗ ಹತ್ತತೀಯೋ ಅದ ಗೇರಿನಾಗ ಇಳಿ ಅಂತಾನ. ಆ ಎರಡು ಕೊಡದಾಗ ದೊಡ್ಡ ಪಾಲು ಇಂಜಿನ್ನಿಗೆ ಮತ್ತ ಗಾಳಿಗೆ ಹೊಕ್ಕೈತಿ. ಉಳಿದದ್ದು ಅರ್ಧ ತಾಸಿನ್ಯಾಗ ಹಂಚಿಕೊಂಡು ಬರ್ತೈತಿ. ಘಾಟಿನ್ಯಾಗ ಬ್ರೇಕ್ ಹೋತು ಅಂತಾರಲ್ಲ, ಬಹಳ ಸಲ ಹೋಗೂದು ಡಿಸ್ಕಲ್ಲ, ಬ್ರೇಕ್ ಆಯಿಲ್ಲು.”

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ಲಿಗೆ ಕುದಿಯುವ ಕನಿಷ್ಠ ಮಿತಿ 230 ಡಿಗ್ರಿ. ತೇವ ಹೀರಿ ಹಳತಾದದ್ದಕ್ಕೆ ಅದೇ ಮಾನದಂಡ ಕೇಳುವುದು 155 ಮಾತ್ರ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಕಟ್ಟಿಕೊಳ್ಳುತ್ತದೆ. ದ್ರವ ಅಮುಕಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲು ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಡಿಸ್ಕು ಕಬ್ಬಿಣದ್ದೋ ಸೆರಾಮಿಕ್ಕೋ ಎಂದು ಆ ಗುಳ್ಳೆ ಕೇಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಹೆಚ್ಚಿನ ಕಾರುಗಳ ವಾಡಿಕೆ, ಖರ್ಚೂ ಡಿಸ್ಕಿನ ಮುಂದೆ ಏನೂ ಅಲ್ಲ.

“ಈ ಗಾಡಿಗೆ ಯಾವಾಗ ಬದಲಿಸ್ಯಾರ?”

ಅವಳಿಗೆ ಗೊತ್ತಿರಲಿಲ್ಲ. ಮಾರುವವನಿಗೆ ಮೆಸೇಜ್ ಹಾಕಿದಳು. ಕಾಕಾ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು.

“ಇನ್ನೊಂದು ಕೇಳ್ತೀನಿ. ಪಂಕ್ಚರ್ ಆದ್ರ ಎಲ್ಲಿ ಹಾಕಸ್ತಿ?”

“ಸರ್ವೀಸ್ ಸೆಂಟರಿಗೆ ಫೋನ್ ಮಾಡ್ತೀನಿ.”

“ರಾತ್ರಿ ಹನ್ನೊಂದಕ್ಕ ಆಸ್ಪತ್ರಿ ಮುಂದ ಆತು. ಎದುರಿಗೆ ಪಂಕ್ಚರ್ ಅಂಗಡಿ ಹುಡುಗ ಅದಾನ. ಅವನು ಗಾಲಿ ಬಿಚ್ಚಿ ಎಳೀತಾನ. ಬೋಲ್ಟ್ ತಗದ ಕೂಡಲೇ ಗಾಲಿ ಕೆಳಗ ಇಳಿದು ಡಿಸ್ಕಿನ ಅಂಚಿಗೆ ಬಡೀತೈತಿ. ಬೀಡಿಗೆ ಏನೂ ಆಗೂದಿಲ್ಲ. ಇದಕ್ಕ?”

ಈ ಪ್ರಶ್ನೆಗೆ ಕಾರು ತಯಾರಿಸಿದವರ ಬಳಿ ಉತ್ತರವಿದೆ. ಸೆರಾಮಿಕ್ ಬ್ರೇಕಿನ ಕಾರಿನ ಟೂಲ್ ಚೀಲದಲ್ಲಿ ಉದ್ದನೆಯ ಗೂಟದಂಥ ಪಿನ್ನುಗಳಿರುತ್ತವೆ. ಬೋಲ್ಟು ಬಿಚ್ಚಿದ ತೂತಿಗೆ ಅವನ್ನು ತಿರುಪಿದರೆ ಗಾಲಿ ಅವುಗಳ ಮೇಲೆ ಜಾರಿಕೊಂಡು ನೇರ ಹೊರಗೆ ಬರುತ್ತದೆ, ಡಿಸ್ಕಿಗೆ ತಗಲುವುದಿಲ್ಲ. ಅವಳಿಗೆ ಇದು ಗೊತ್ತಿತ್ತು, ಹೇಳಿದಳು ಕೂಡ.

“ಐತೇನು ಆ ಚೀಲ?”

ಇಬ್ಬರೂ ಕಾರಿನ ಹತ್ತಿರ ಹೋದರು. 911ರ ಡಿಕ್ಕಿ ಮುಂದಿರುತ್ತದೆ. ಅವಳು ಅದನ್ನು ತೆರೆದು ಕಾರ್ಪೆಟ್ ಎತ್ತಿದಳು. ಕಪ್ಪು ಚೀಲ ಸಿಕ್ಕಿತು. ಕಾಕಾ ಒಂದೊಂದೇ ಹೊರತೆಗೆದು ಬಾನೆಟ್ಟಿನ ಅಂಚಿನ ಕೆಳಗೆ ಸಾಲಾಗಿ ಇಟ್ಟರು: ಎಳೆಯುವ ಕೊಕ್ಕೆ, ಸ್ಕ್ರೂಡ್ರೈವರು, ಬೋಲ್ಟಿನ ಬೀಗಕ್ಕೆ ಹಾಕುವ ತುಂಡು, ಯಾವುದೋ ಪೆಟ್ರೋಲ್ ಬಂಕಿನ ಹಳೆಯ ರಸೀದಿ. ಪಿನ್ನು ಇರಲಿಲ್ಲ. ಪಿನ್ನಿನ ಆಕಾರಕ್ಕೆ ಹೊಲಿದ ಕಿರಿದಾದ ಜೇಬು ಮಾತ್ರ ಇತ್ತು, ಖಾಲಿ.

ಅಷ್ಟರಲ್ಲಿ ಅವಳ ಫೋನು ಗುಂಯ್ ಎಂದಿತು. ‘ಬ್ರೇಕ್ ಆಯಿಲ್? ನೆನಪಿಲ್ಲ ಮ್ಯಾಡಮ್. ಬ್ರೇಕ್ ಸೂಪರ್ ಇದೆ, ಸೆರಾಮಿಕ್.’

ಕಾಕಾ ಬಗ್ಗಿ ಮತ್ತೆ ಗಾಲಿಯ ಕಡ್ಡಿಗಳ ನಡುವೆ ಟಾರ್ಚ್ ಬಿಟ್ಟರು. ಈ ಸಲ ಡಿಸ್ಕಿನ ಮುಖವನ್ನು ಬಿಟ್ಟು ಹೊರ ಅಂಚಿನ ಉದ್ದಕ್ಕೂ ಬೆಳಕನ್ನು ನಿಧಾನ ಸರಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು.

“ಇಲ್ಲಿ ಬಾ ಇಲ್ಲೆ,” ಎಂದರು. “ಇದು ಚಕ್ಕೆ ಎದ್ದದ್ದೋ, ನೆರಳೋ? ನಿನ್ನ ಕಣ್ಣು ಸಣ್ಣ ವಯಸ್ಸಿನವು.”